ಅಕ್ಕ ಹತ್ತದ ಹಿಂದಿನ ಸೀಟು

ಮೊದಲ ಏಟು ಕಿವಿಯ ಹಿಂದೆ ಬಿತ್ತು. ಎರಡನೆಯದು ಎಲ್ಲಿ ಬಿತ್ತೋ ನೆನಪಿಲ್ಲ; ಅಷ್ಟು ಹೊತ್ತಿಗೆ ನಾನು ವಾದ ಶುರು ಮಾಡಿಬಿಟ್ಟಿದ್ದೆ. ತುಟಿ ಸೀಳಿರುವಾಗ ವಾದ ಮಾಡುವುದು ಸುಲಭವಲ್ಲ. ಪ, ಬ, ಮ ಮೂರೂ ಒಂದೇ ಥರ ಹೊರಬರುತ್ತವೆ, ಜೊತೆಗೆ ಕೆಂಪು ಎಂಜಲು. ಆದರೂ ಬಿಡಲಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನನಗೆ ಕಲಿಸಿದ್ದು ಅದನ್ನೇ: ಎದುರಾಳಿ ಮೇಜು ಗುದ್ದಿದರೆ ನೀನು ಪುರಾವೆ ಇಡು. ಎದುರಾಳಿ ಮೇಜನ್ನು ಬಿಟ್ಟು ನಿನ್ನನ್ನೇ ಗುದ್ದಿದರೆ ಏನು ಮಾಡಬೇಕೆಂದು ಮಾತ್ರ ಯಾರೂ ಹೇಳಿಕೊಟ್ಟಿರಲಿಲ್ಲ.

ಸಂಗತಿ ಇಷ್ಟು. ಅಕ್ಕ ಕೆಜಿಎಫ್‌ನ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಾಳೆ. ನಮ್ಮ ಮನೆ ಬಂಗಾರಪೇಟೆಯ ಅಂಚಿನಲ್ಲಿ, ಬೂದಿಕೋಟೆ ರಸ್ತೆಯ ಮೇಲೆ. ಅವಳನ್ನು ಪಾಳಿಗೆ ಬಿಡುವುದು, ಕರೆತರುವುದು ನನ್ನ ಪಾಲಿನ ಕೆಲಸ. ಆಗ ನನ್ನ ಹತ್ತಿರ ಇದ್ದದ್ದು ಕೆಂಪು ಬಣ್ಣದ ಸ್ಪೋರ್ಟ್ಸ್ ಬೈಕು. ಅಂಥ ಗಾಡಿಯ ಹಿಂದಿನ ಸೀಟು ಸೀಟಲ್ಲ, ಗೂಟ. ಓಡಿಸುವವನು ಟ್ಯಾಂಕಿನ ಮೇಲೆ ಬೋರಲು ಬಿದ್ದಿರುತ್ತಾನೆ. ಹಿಂದೆ ಕೂತವರು ಅವನ ಬೆನ್ನಿನ ಮೇಲಕ್ಕೆ, ಮಂಡಿ ಎದೆಗೆ ತಾಗಿಸಿಕೊಂಡು, ಎತ್ತರದಲ್ಲಿ ನೇತಾಡುತ್ತಿರುತ್ತಾರೆ. ಅಕ್ಕ ಹಾಗೆ ನೇತಾಡುತ್ತಲೇ ದಿನಾ ಹೋಗಿ ಬರುತ್ತಿದ್ದಳು. 'ನಿನ್ ಗಾಡೀಲಿ ಕೂರೋದಕ್ಕಿಂತ ತೆಂಗಿನಮರ ಅತ್ತೋದು ವಾಸಿ ಕಣೋ' ಎನ್ನುತ್ತಿದ್ದಳು. ಆದರೂ ಹತ್ತುತ್ತಿದ್ದಳು.

ಅವತ್ತು ಅಮಾವಾಸ್ಯೆ, ದೀಪ ಹಚ್ಚುವ ಹೊತ್ತು. ಬಂಗಾರಪೇಟೆಯ ಬಜಾರಿನಲ್ಲಿ ಅಂಗಡಿಯವರೆಲ್ಲ ಬಾಗಿಲ ಮುಂದೆ ಬೂದುಗುಂಬಳ ಒಡೆಯುವ ದಿನ. ಕಾಯಿಗೆ ತೂತು ಮಾಡಿ, ಒಳಗೆ ಕುಂಕುಮ ಸುಣ್ಣ ತುಂಬಿ, ಮೇಲೆ ಕರ್ಪೂರ ಹಚ್ಚಿ, ಅಂಗಡಿಗೆ ನಿವಾಳಿಸಿ, ನಡುರಸ್ತೆಗೆ ತಂದು ಅಪ್ಪಳಿಸುತ್ತಾರೆ. ಅಂಗಡಿಯ ದೃಷ್ಟಿ ರಸ್ತೆಗೆ ಹೋಯಿತು. ರಸ್ತೆಗೆ ಹೋದ ಮೇಲೆ ಅದು ಯಾರದು ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಪೇಂಟು, ಪೈಪು ಮಾರುವ ಅಂಗಡಿಯೊಂದರ ಮುಂದೆ ಆಗಷ್ಟೇ ಒಡೆದಿದ್ದರು. ನನ್ನ ಮುಂದೆ ಸರಕು ತುಂಬಿದ ಆಟೋ, ನಿಂತಿದೆಯೋ ಹೋಗುತ್ತಿದೆಯೋ ತಿಳಿಯದಷ್ಟು ನಿಧಾನ. ಅದರ ಹಿಂದೆ ನಾನು, ಪಾಳಿ ಮುಗಿಸಿದ ಅಕ್ಕನನ್ನು ಕೂರಿಸಿಕೊಂಡು, ಕಾಲು ನೆಲಕ್ಕೆ ಉಜ್ಜಿಕೊಂಡು ಹೋಗುತ್ತಿದ್ದೆ. ಆಟೋ ಪಕ್ಕಕ್ಕೆ ಸರಿದ ಕ್ಷಣ ಮುಂದಿನ ಚಕ್ರ ಆ ಲೋಳೆಯ ಮೇಲೆ ಹತ್ತಿತು. ಕುಂಬಳದ ತಿರುಳಿಗೆ ಸುಣ್ಣ ಕಲೆಸಿದರೆ ಗ್ರೀಸು ಕೂಡ ನಾಚಬೇಕು. ಹ್ಯಾಂಡಲ್ಲು ಕೈಯಿಂದ ಕಿತ್ತುಕೊಂಡು ಹೋಯಿತು, ಗಾಡಿ ಎಡಕ್ಕೆ ಮಲಗಿತು, ಎತ್ತರದ ಗೂಟದ ಮೇಲಿದ್ದ ಅಕ್ಕ ಹೆಗಲು ಮುಂದಾಗಿ ಟಾರಿನ ಮೇಲೆ ಬಿದ್ದಳು. ಒಣಸೌದೆ ಮುರಿದಂತೆ ಒಂದು ಸದ್ದು. ಅದು ಗಾಡಿಯದಲ್ಲ ಎಂದು ನನಗೆ ಆಗಲೇ ಗೊತ್ತಾಯಿತು.

ಸುತ್ತ ಎಲ್ಲ ಕೆಂಪು. ಕುಂಕುಮ ಯಾವುದು, ರಕ್ತ ಯಾವುದು ಎಂದು ಬಂದವರು ಬಗ್ಗಿ ನೋಡಿ ತಿಳಿಯಬೇಕಾಯಿತು. ಅಂಗಡಿಯವನು ಬಗ್ಗಿ ನೋಡಲಿಲ್ಲ. ನನ್ನನ್ನು ಕಾಲರು ಹಿಡಿದು ಎತ್ತಿದ.

'ಡೇಯ್, ಏನ್ಲಾ ಇದು? ನಿಮ್ಮಪ್ಪನ್ ರೇಸ್ ಟ್ರ್ಯಾಕಾ?'

'ಅಣ್ಣಾ, ನನ್ ಮುಂದೆ ಆಟೋ ಇತ್ತು...'

ಏಟು. ಮೊದಲಿಗೆ ಹೇಳಿದೆನಲ್ಲ, ಕಿವಿಯ ಹಿಂದಿನದು, ಅದು.

'ಆಟೋ ಇತ್ತು ಅಂದ್ಮೇಲೆ ನಾನು ಎಂಗೆ ಜೋರಾಗಿ ಬರ್ಲಿ? ಜೋರಾಗಿ ಬಂದಿದ್ರೆ ಗಾಡಿ ಆ ಮೂಲೆಗಂಟ ಜಾರ್ಕಂಡ್ ಓಗ್ಬೇಕಿತ್ತು. ಬಿದ್ ಜಾಗದಾಗೇ ಬಿದ್ದೈತೆ, ನೋಡಿ!'

ಒಳ್ಳೆಯ ವಾದ. ಈಗಲೂ ಅದರಲ್ಲಿ ಒಂದು ಬಿರುಕು ನನಗೆ ಕಾಣುವುದಿಲ್ಲ. ಅಂಗಡಿಯವನು ಗಾಡಿಯ ಕಡೆ ಕೈ ಚಾಚಿ ಒಂದೇ ಮಾತು ಹೇಳಿದ.

'ಆ ಗಾಡಿ ನೋಡುದ್ರೆ ಗೊತ್ತಾಗಲ್ವೇನ್ಲಾ?'

ಗುಂಪು ಗಾಡಿಯನ್ನು ನೋಡಿತು. ಮಲಗಿದ್ದರೂ ಅದು ಹಾರಲು ಹೊರಟಂತೆಯೇ ಇತ್ತು. ಮೂತಿ ಚೂಪು, ಬಾಲ ಮೇಲಕ್ಕೆ, ಸೈಲೆನ್ಸರು ಆಕಾಶಕ್ಕೆ. ತೀರ್ಪು ಮುಗಿಯಿತು. ಬೆನ್ನಿಗೆ ಒಂದು, ಸೊಂಟಕ್ಕೆ ಒಂದು, ಯಾರದೋ ಚಪ್ಪಲಿ ಕಾಲು ಮೀನಖಂಡಕ್ಕೆ. ಹೊಡೆದವರಲ್ಲಿ ಅರ್ಧಕ್ಕರ್ಧ ಜನ ನಾನು ಬಿದ್ದದ್ದನ್ನು ನೋಡಿರಲೇ ಇಲ್ಲ.

ಆಗ ಅಕ್ಕ ಎದ್ದಳು. ಎಡಗೈ ಜೋತುಬಿದ್ದಿತ್ತು. ಬಲಗೈಯಲ್ಲಿ ಬಿಚ್ಚಿದ ಹೆಲ್ಮೆಟ್ಟು, ಅದರ ಪಟ್ಟಿ ಮುಂಗೈಗೆ ಸುತ್ತಿತ್ತು. ಓಡಲಿಲ್ಲ, ಕೂಗಲಿಲ್ಲ, ಜನರ ನಡುವೆ ಸಂತೆಯಲ್ಲಿ ನುಸುಳುವ ಹಾಗೆ ನುಸುಳಿ ಬಂದು ಅಂಗಡಿಯವನ ಹಣೆಗೆ ಬೀಸಿದಳು. ತೆಂಗಿನಕಾಯಿ ಒಡೆದಂತಾಯಿತು. ಅವನು ತನ್ನ ಹೊಸ್ತಿಲ ಮೇಲೆಯೇ ಕೂತುಬಿಟ್ಟ, ಹುಬ್ಬಿನಿಂದ ಇಳಿದದ್ದನ್ನು ಮುಟ್ಟಿ ನೋಡಿಕೊಂಡ.

'ಅದು ಕುಂಕುಮ ಅಲ್ಲ,' ಅಂದಳು ಅಕ್ಕ. 'ವರೆಸ್ಕೋ.'

ಆಮೇಲೆ ಅವಳಿಗೆ ಪ್ರಜ್ಞೆ ತಪ್ಪಿತು.

ಅಂಗಡಿಯವನ ಹಣೆಗೆ ಹೊಲಿಗೆ, ಅಕ್ಕನ ಕೊರಳೆಲುಬಿಗೆ ಪ್ಲೇಟು. ಬಜಾರಿನ ಹಿರಿಯರು ಎರಡೂ ಕಡೆಯವರನ್ನು ಕೂರಿಸಿ, ಟೀ ತರಿಸಿ, ಇಲ್ಲಿಗೆ ಸಾಕು ಅಂದರು. ಸಾಕಾಯಿತು. ನಮ್ಮ ಮನೆಯಲ್ಲಿ ಮಾತ್ರ ಅಲ್ಲಿಂದ ಶುರುವಾಯಿತು.

ಅಪ್ಪ ಅಮ್ಮ ಇಲ್ಲದ ಮನೆ ನಮ್ಮದು. ಅಕ್ಕ, ನಾನು, ಅಮ್ಮನ ತಮ್ಮ. ಆ ಮಾವನೇ ನಮ್ಮಿಬ್ಬರನ್ನೂ ಸಾಕಿದವನು. ಮದುವೆಯಾಗಲಿಲ್ಲ, ಆದ್ದರಿಂದ ಜಗಳವಾಡಲು ಅವನಿಗೆ ಉಳಿದವನು ನಾನೊಬ್ಬನೇ. ಅಕ್ಕ ಗುಣವಾಗಿ ಕೆಲಸಕ್ಕೆ ಹೊರಟ ದಿನ ಅಂಗಳದಲ್ಲಿ ಗಾಡಿ ನಿಲ್ಲಿಸಿದೆ. ಅವಳು ಹಿಂದಿನ ಸೀಟನ್ನು ನೋಡಿದಳು, ಕಾಲೆತ್ತಿದಳು, ಇಳಿಸಿದಳು. ಮುಖವೆಲ್ಲ ಬೆವರು. 'ಆಗಲ್ಲ ಕಣೋ' ಎಂದು ಸ್ಟೇಷನ್ನಿಗೆ ನಡೆದಳು.

ರೈಲಿನಲ್ಲಿ ಹೋಗತೊಡಗಿದಳು. ಕೋರಮಂಡಲ್, ಉರಿಗಾಂ ಎಂದು ನಿಂತು ಹೋಗುವ ಆ ರೈಲಿನ ಬಾಗಿಲಲ್ಲಿ ನುಗ್ಗಾಟ ಎಂದರೆ ಕುಸ್ತಿ. ಎಡಗೈ ಹೆಗಲಿಗಿಂತ ಮೇಲೆ ಏಳದವಳು ಮೇಲಿನ ಕಂಬಿ ಹಿಡಿಯುವುದು ಹೇಗೆ? ದಿನಾ ಅದೇ ಹೆಗಲಿಗೆ ಯಾರದೋ ಬುತ್ತಿ ಚೀಲ, ಯಾರದೋ ಮೊಣಕೈ. ಒಮ್ಮೆ ಬೇಕೆಂದೇ ಒತ್ತಿದವನೊಬ್ಬನ ಕೈ ಕಚ್ಚಿ ಬಂದಳು. ಮನೆಗೆ ಬಂದರೆ ಲೋಟ ಎಸೆಯುವಳು. ಒಲೆಯ ಮೇಲಿಂದ ಪಾತ್ರೆ ಇಳಿಸುವಾಗ ಎಡಗೈ ಸೋತರೆ ಆ ಪಾತ್ರೆಯನ್ನು ಬಲಗೈಯಲ್ಲೆತ್ತಿ ಗೋಡೆಗೆ ಬಡಿಯುವಳು. ಅಡುಗೆಮನೆಯ ಗೋಡೆಯಲ್ಲಿ ಸಾರಿನ ಕಲೆಗಳು ಒಣಗಿ ನಿಂತವು. ಆಮೇಲೆ ಒಂದು ಸಂಜೆ ಎಸೆಯುವುದನ್ನೂ ನಿಲ್ಲಿಸಿ, ಮೆತ್ತಗೆ, 'ಬಿಟ್ಬಿಡ್ತೀನಿ ಕೆಲ್ಸ' ಅಂದಳು. ಆ ಮೆತ್ತಗಿನ ದನಿ ನನಗೆ ಬಜಾರಿನ ಏಟುಗಳಿಗಿಂತ ಜೋರಾಗಿ ಬಿತ್ತು. ಆ ಕೆಲಸ ಅವಳು ಹಟಕ್ಕೆ ಬಿದ್ದು ಸೇರಿದ್ದು. ಗಂಡಸರೇ ತುಂಬಿದ್ದ ವಿಭಾಗದಲ್ಲಿ ಜಗಳವಾಡಿ ತನ್ನ ಜಾಗ ಹಿಡಿದುಕೊಂಡಿದ್ದಳು. ಅಂಥವಳನ್ನು ಒಂದು ಕುಂಬಳಕಾಯಿ ಮನೆಯಲ್ಲಿ ಕೂರಿಸುವುದೇ?

ಹಾಗಾಗಿ ಗಾಡಿ ಬದಲಿಸಿದೆ.

ಇಲ್ಲಿ ಸ್ಪೋರ್ಟ್ಸ್ ಬೈಕಿನ ಪರವಾಗಿಯೂ ಎರಡು ಮಾತು ಹೇಳಬೇಕು; ಎದುರುಪಕ್ಷಕ್ಕೆ ಸಮಯ ಕೊಡದೆ ಗೆದ್ದರೆ ಅದು ಗೆಲುವಲ್ಲ. ಅದು ನನಗೆ ಹೊಡೆಯುತ್ತಿತ್ತು, ನಿಜ. ಪ್ರತಿ ಗುಂಡಿಯೂ ಹ್ಯಾಂಡಲ್ಲಿನಿಂದ ನೇರ ಮಣಿಕಟ್ಟಿಗೆ, ಸೀಟಿನಿಂದ ನೇರ ಬೆನ್ನುಹುರಿಗೆ. ಕೆಜಿಎಫ್‌ಗೆ ಹೋಗಿ ಬಂದರೆ ಕತ್ತು ತಿರುಗುತ್ತಿರಲಿಲ್ಲ. ಆದರೆ ಖಾಲಿ ರಸ್ತೆಯಲ್ಲಿ ಥ್ರಾಟಲ್ಲು ತಿರುವಿದಾಗ ಎದೆಯೊಳಗೆ ಏನೋ ಬೈಗುಳದಂತೆ ಸಿಡಿಯುತ್ತಿತ್ತಲ್ಲ, ಅದಕ್ಕೆ ಬದಲಿ ನನಗೆ ಇನ್ನೂ ಸಿಕ್ಕಿಲ್ಲ. ಕೋಲಾರದ ಶೋರೂಮಿನಲ್ಲಿ ಅದನ್ನು ಬಿಟ್ಟು ಬರುವಾಗ ತಿರುಗಿ ನೋಡಿದೆ. ಅಪರಿಚಿತನೊಬ್ಬ ಅದರ ಕಿವಿ ಹಿಂಡಿ ಕೂಗಿಸುತ್ತಿದ್ದ. ಹೋಗಿ ಒದೆಯಬೇಕೆನಿಸಿತು.

ತಂದದ್ದು ಅಡ್ವೆಂಚರ್ ಟೂರರ್, ಕೆಟ್ಟ ರಸ್ತೆಗೆಂದೇ ಮಾಡಿದ ಬೈಕು. ಎತ್ತರದ ಹ್ಯಾಂಡಲ್ಲು, ಗಾಳಿ ತಡೆಯುವ ಗಾಜು, ಉದ್ದ ಕಾಲಿನ ಶಾಕ್ ಅಬ್ಸಾರ್ಬರು, ಕಚ್ಚಿ ಹಿಡಿಯುವ ದಪ್ಪ ಹಲ್ಲಿನ ಟೈರು. ಮುಖ್ಯವಾಗಿ ಹಿಂದಿನ ಸೀಟು: ಅಗಲ, ಮೆತ್ತೆ, ಎರಡೂ ಪಕ್ಕ ಹಿಡಿ. ಜೊತೆಗೆ ಬೈಕು ಓಡಿಸುತ್ತಿದ್ದ ಗೆಳೆಯ ನೋಡಿ, 'ಏನ್ ಮಗಾ, ಒಂಟೆ ತಂದೀಯ? ಪಿಂಚಣಿ ಎಷ್ಟ್ ಬತ್ತೈತೆ?' ಅಂದ. ನಿಂತಾಗ ನನ್ನ ಕಾಲ ಬೆರಳಷ್ಟೇ ನೆಲಕ್ಕೆ ತಾಗುವುದನ್ನು ಕಂಡು, 'ಏಣಿ ಫ್ರೀ ಕೊಟ್ರಾ?' ಎಂದೂ ಕೇಳಿದ.

ಮೊದಲ ದಿನ ಒಬ್ಬನೇ ಕೋರಮಂಡಲ್ ದಾಟಿ ಉರಿಗಾಂ ಕಡೆಗೆ ಹೋದೆ. ಗಣಿ ಮುಚ್ಚಿದ ಮೇಲೆ ಅಲ್ಲಿನ ಕೆಲವು ಒಳರಸ್ತೆಗಳನ್ನು ರಸ್ತೆ ಎನ್ನುವುದು ಹಳೆಯ ಅಭ್ಯಾಸ ಮಾತ್ರ. ಚಿನ್ನ ತೆಗೆದು ಸುರಿದ ಸೈನೈಡ್ ದಿಬ್ಬಗಳ ಬೂದುಮಣ್ಣು ಗಾಳಿಗೆ ಎದ್ದು ಮುಖಕ್ಕೆ ರಾಚುತ್ತಿತ್ತು. ಪ್ರತಿ ಗುಂಡಿ ಎದುರಾದಾಗ ನನ್ನ ಮೈ ತಾನಾಗಿ ಬಿಗಿದುಕೊಳ್ಳುತ್ತಿತ್ತು, ಹಲ್ಲು ಕಚ್ಚುತ್ತಿತ್ತು. ಏಟು ಬರುತ್ತಿರಲಿಲ್ಲ. ಗಾಡಿಯೇ ಅದನ್ನು ನುಂಗಿಕೊಳ್ಳುತ್ತಿತ್ತು. ವರ್ಷಗಟ್ಟಲೆ ಹೊಡೆಸಿಕೊಂಡ ನಾಯಿ ಯಾರಾದರೂ ಕೈಯೆತ್ತಿದರೆ ಕುಗ್ಗುತ್ತದಲ್ಲ, ಹಾಗೆ ನಾನು. ಸುಖ ಎಂದರೆ ಮೊದಲು ಅವಮಾನವೆನಿಸುತ್ತದೆ ಎಂದು ಅವತ್ತು ತಿಳಿಯಿತು.

ಮನೆಗೆ ಬಂದು ಅಕ್ಕನಿಗೆ ತೋರಿಸಿದೆ. ಸೀಟನ್ನು ಬೆರಳಿನಿಂದ ಒತ್ತಿ ನೋಡಿದಳು. ಚಕ್ರ ನೋಡಿದಳು. 'ಚೆನ್ನಾಗೈತೆ,' ಅಂದಳು. 'ನಾನು ಅತ್ತಲ್ಲ.'

ಭಾನುವಾರ ಬೆಳಿಗ್ಗೆ ಮಾವ ಬೂದುಗುಂಬಳ ಹೊತ್ತು ಬಂದ.

'ಏನ್ ಮಾವ ಇದು?'

'ಗಾಡಿಗೆ.'

'ಬ್ಯಾಡ.'

'ನಿನ್ನ ಕೇಳ್ಲಿಲ್ಲ ನಾನು. ಗಾಡೀನ ಕೇಳ್ತಾ ಇವ್ನಿ.' ಕಾಯಿಯನ್ನು ಜಗುಲಿಯ ಮೇಲಿಟ್ಟು ಟವೆಲಿನಲ್ಲಿ ಬೆವರು ಒರೆಸಿಕೊಂಡ. 'ಓದ್ಸಲ ಒಡ್ಯಕ್ ಬಿಡ್ಲಿಲ್ಲ ನೀನು. ಬಿದ್ರಿ. ಇನ್ನೇನ್ ಪುರಾವೆ ಬೇಕ್ಲಾ ನಿಂಗೆ?'

'ಮಾವ, ನಾವು ಬಿದ್ದಿದ್ದೇ ಕುಂಬಳಕಾಯಿ ಮ್ಯಾಲೆ!'

'ಅದನ್ನೇ ಕಣ್ಲಾ ನಾನೂ ಏಳೋದು. ನಿನ್ ಪಾಲಿನ ಕಾಯಿ ಎಲ್ಲಾದ್ರೂ ಒಡೀಲೇಬೇಕಿತ್ತು. ಮನೆ ತಾವ ಒಡೀಲಿಲ್ಲ, ಬಜಾರ್ನಾಗ್ ಒಡೀತು.'

ಇಷ್ಟು ವೇದಿಕೆ ಹತ್ತಿಳಿದ ನಾನು ಎಂದೂ ಹೀಗೆ ಸಿಕ್ಕಿಬಿದ್ದದ್ದಿಲ್ಲ. ಒಡೆದರೆ ಒಡೆದದ್ದರಿಂದ ಬದುಕಿದೆ. ಬಿದ್ದರೆ ಒಡೆಯದ್ದರಿಂದ ಬಿದ್ದೆ. ಯಾವ ಕಡೆಯಿಂದ ಹೊಡೆದರೂ ಗಾಯವಾಗದ ವಾದ. ಅಂಥ ವಾದ ಸುಳ್ಳಾಗಿರಲೇಬೇಕು ಎಂದು ನಾನು ವಿವರಿಸಲು ಹೊರಟೆ; ಮಾವ ಕರ್ಪೂರ ಹುಡುಕಲು ಹೊರಟ. ಕೊನೆಗೆ ಒಂದು ಒಪ್ಪಂದವಾಯಿತು: ಒಡೆಯಲಿ, ಆದರೆ ಅಂಗಳದೊಳಗೆ, ಮೂಲೆಯಲ್ಲಿ. ರಸ್ತೆಯಲ್ಲಿ ಬೇಡ. ಮಾವ ತಲೆಯಾಡಿಸಿದ. ಅಕ್ಕ ಕಿಟಕಿಯೊಳಗಿನಿಂದ ಕೇಳುತ್ತಿದ್ದಳು.

ಗಾಡಿಯ ಬೀಗದ ಕೈ ತರಲು ನಾನು ಒಳಗೆ ಹೋದೆ. ಅಷ್ಟೇ ಸಾಕಾಯಿತು. ರಸ್ತೆಯ ಕಡೆಯಿಂದ ದಪ್ಪನೆ ಸದ್ದು.

ಓಡಿ ಬಂದೆ. ಮಾವ ನಡುರಸ್ತೆಯಲ್ಲಿ ನಿಂತು ಕೈ ಕೊಡವಿಕೊಳ್ಳುತ್ತಿದ್ದ. 'ರೋಡ್ನಾಗ್ ಓಡೋ ಗಾಡಿಗೆ ಅಂಗಳ್ದಾಗ್ ಒಡುದ್ರೆ ಏನ್ಲಾ ಬಂತು?' ಅಂದ. ಮೂಲೆಯಲ್ಲಿದ್ದ ಪೊರಕೆ ಹಿಡಿದು ನಾನು ಗೇಟು ದಾಟುವಷ್ಟರಲ್ಲಿ ಬೂದಿಕೋಟೆ ಕಡೆಯಿಂದ ಹಾಲಿನವನ ಮೊಪೆಡ್ಡು ಬಂದೇಬಿಟ್ಟಿತು. ಎರಡೂ ಪಕ್ಕ ತುಂಬಿದ ಕ್ಯಾನು, ಮೇಲೆ ತಲೆಗೆ ಟವೆಲು ಸುತ್ತಿದ ನಡುವಯಸ್ಸಿನ ಆಳು.

'ನಿಲ್ಸಣ್ಣೋ!' ಎಂದು ಕಿರುಚಿದೆ. ಅದೇ ತಪ್ಪಾಯಿತು, ಅವನು ಬ್ರೇಕು ಹಿಡಿದದ್ದು ಸರಿಯಾಗಿ ಲೋಳೆಯ ಮೇಲೆ.

ಮೊಪೆಡ್ಡು ಅಡ್ಡಡ್ಡ ತಿರುಗಿತು. ಒಂದು ಕ್ಯಾನು ಕಳಚಿ ಉರುಳಿ ಗೋಡೆಗೆ ಬಡಿಯಿತು, ಇನ್ನೊಂದು ಅವನ ಮೊಣಕಾಲ ಕೆಳಗೆ ಬಿತ್ತು, ಹಣೆ ನಮ್ಮ ಗೇಟಿನ ಕಂಬಕ್ಕೆ ಹೊಡೆಯಿತು. ಹಾಲು ಕುಂಕುಮದ ಮೇಲೆ ಹರಿದು ರಸ್ತೆಯೆಲ್ಲ ಗುಲಾಬಿಯಾಯಿತು. ಆಮೇಲೆ ಅದರೊಳಗೆ ಗಾಢವಾದ ಇನ್ನೊಂದು ಕೆಂಪು ಬಂದು ಸೇರಿತು.

ಅವನು ಒಂದೇ ಕಾಲಿನ ಮೇಲೆ ಎದ್ದ, ಮಾವನ ಎದೆಗೆ ಗುದ್ದಿದ.

'ರೇಯ್, ನಿನ್ ಇಸ್ಟಕ್ಕೆ ನಡುರೋಡ್ನಾಗ್ ಒಡೀತೀಯೇನ್ರಾ? ನನ್ ಆಲೆಲ್ಲ ಓಯ್ತು!'

ಮಾವ ಅವನ ಕೈ ತಿರುವಿ ಹಿಡಿದು ಕೂಗಿದ. 'ಜೋರಾಗ್ ಬಂದೆ ನೀನು! ನೋಡ್ಕಂಡ್ ಬರಕ್ ಆಗಲ್ವಾ?'

ನನಗೆ ಕಿವಿಯ ಹಿಂದಿನ ಹಳೆಯ ಜಾಗ ಉರಿಯಿತು. ಅದೇ ಮಾತು, ಅದೇ ಎತ್ತರದ ದನಿ. ಅಕ್ಕಪಕ್ಕದ ಮನೆಯವರು ಸೇರಿದರು. ಅವರು ನಮ್ಮವರು, ಅಂದಮೇಲೆ ತಪ್ಪು ಹಾಲಿನವನದು. ಒಬ್ಬ ಅವನ ಕುತ್ತಿಗೆಗೆ ಕೈಹಾಕಿದ. ಇನ್ನೊಬ್ಬ ಹಿಂದಿನಿಂದ ಒದ್ದ. ಕ್ಯಾನು ಹೊತ್ತ ಮೊಪೆಡ್ಡನ್ನು ನೋಡಿದರೆ ಅದು ಜೋರಾಗಿ ಓಡುವ ಗಾಡಿ ಎಂದು ಯಾವ ಮೂರ್ಖನೂ ಹೇಳಲಾರ. ಆದರೂ ಹೇಳಿದರು. ಗಾಡಿ ನೋಡಿ ತೀರ್ಪು ಕೊಡುತ್ತಾರೆಂದು ನಾನು ಬಜಾರಿನಲ್ಲಿ ಅಂದುಕೊಂಡದ್ದು ತಪ್ಪು. ಯಾರ ಬಾಗಿಲ ಮುಂದೆ ಬಿದ್ದೆ ಎಂಬುದನ್ನಷ್ಟೇ ನೋಡುತ್ತಾರೆ.

ನಡುವೆ ನುಗ್ಗಿದೆ. 'ತಪ್ಪು ನಮ್ದು! ರೋಡ್ನಾಗ್ ಒಡುದ್ದು ನಮ್ ಮಾವ!'

'ಮನೆಯವ್ರುನ್ನೇ ಬಿಟ್ಕೊಡ್ತೀಯೇನ್ಲಾ?' ಎಂದು ಮಾವ ನನ್ನ ಕೆನ್ನೆಗೆ ಬಾರಿಸಿದ. ಅದೇ ಕ್ಷಣಕ್ಕೆ ಹಾಲಿನವನ ಗುದ್ದೊಂದು ನನ್ನ ಪಕ್ಕೆಲುಬಿಗೆ ಬಿತ್ತು. ಅವನ ಕಣ್ಣಿಗೆ ರಕ್ತ ಇಳಿದಿತ್ತು, ಯಾರೆಂದು ನೋಡಿ ಹೊಡೆಯುವ ಸ್ಥಿತಿ ಅವನದಲ್ಲ. ಎರಡೂ ಪಕ್ಷದಿಂದ ಒಟ್ಟಿಗೆ ಹೊಡೆಸಿಕೊಂಡ ವಾದಿ ನಾನೊಬ್ಬನೇ ಇರಬೇಕು.

ಅಕ್ಕ ಹೊರಗೆ ಬಂದಳು. ನಾನು ಮೊದಲು ನೋಡಿದ್ದು ಅವಳ ಬಲಗೈಯನ್ನು. ಹೆಲ್ಮೆಟ್ಟು ಇರಲಿಲ್ಲ. ರಸ್ತೆಯಲ್ಲಿ ಬಿದ್ದಿದ್ದ ಅರ್ಧ ಕುಂಬಳವನ್ನು ಬಗ್ಗಿ ಎತ್ತಿಕೊಂಡಳು, ಮಾವನ ಮುಂದೆ ನಿಂತಳು, ಅವನ ಎದೆಗೆ ಬೀಸಿ ಒಗೆದಳು. ಬಿಳಿ ಅಂಗಿಯ ಮೇಲೆ ಬೀಜ, ತಿರುಳು, ಕುಂಕುಮ. ಮಾವ ಜಾರಿ ಹಾಲಿನೊಳಗೆ ಕುಕ್ಕರಿಸಿದ.

'ಸಾಕಾ? ಓಯ್ತಾ ದೃಷ್ಟಿ?'

ಅಕ್ಕ ಹಾಲಿನವನ ಟವೆಲನ್ನೇ ಬಿಚ್ಚಿ ಅವನ ಹಣೆಗೆ ಬಿಗಿದಳು. ಬಟ್ಟೆ ನೋಡುನೋಡುತ್ತಲೇ ನೆನೆಯಿತು. ಅವನ ಬಾಯಿಂದ ಬೈಗುಳ ನಿಂತು ಬರೀ ಉಸಿರು ಬರುತ್ತಿತ್ತು. ಕಾಲು ಇರಬಾರದ ಕಡೆಗೆ ತಿರುಗಿತ್ತು. ಯಾರೋ ಆಟೋ ತರುತ್ತೇನೆಂದು ಓಡಿದರು. ಆ ಹೊತ್ತಿನಲ್ಲಿ ಆ ರಸ್ತೆಗೆ ಆಟೋ ಬರುವುದನ್ನು ನಾನಂತೂ ಕಂಡಿಲ್ಲ.

'ಗಾಡಿ ತೆಗಿಯೋ,' ಅಂದಳು ಅಕ್ಕ.

ತೆಗೆದೆ. ಇಬ್ಬರು ಅವನನ್ನೆತ್ತಿ ನನ್ನ ಹಿಂದೆ ಕೂರಿಸಿದರು. ಕೂರುವ ಬದಲು ಅವನು ಹಿಟ್ಟಿನ ಮೂಟೆಯಂತೆ ಬಲಕ್ಕೆ ವಾಲಿದ.

'ಇಡ್ಕಳ್ಳೋರ್ ಬೇಕು,' ಅಂದರು ಯಾರೋ. 'ಇಲ್ದಿದ್ರೆ ಬಿದ್ದೋಗ್ತಾನೆ.'

ಸ್ವಲ್ಪ ಮೊದಲು ಒದೆಯಲು ಸಾಲುಗಟ್ಟಿದ್ದವರಲ್ಲಿ ಹತ್ತಲು ಒಬ್ಬನೂ ಮುಂದೆ ಬರಲಿಲ್ಲ. ಎಲ್ಲರ ಅಂಗಿಯೂ ಭಾನುವಾರದ ಅಂಗಿ. ನಾನು ಕನ್ನಡಿಯಲ್ಲಿ ಅಕ್ಕನನ್ನು ನೋಡಿದೆ. ಅವಳ ಮುಖದಲ್ಲಿ ಅದೇ ಬೆವರು. ಅವಳು ಸೀಟನ್ನು ನೋಡಲಿಲ್ಲ, ಅವನ ಹಣೆಯ ಟವೆಲನ್ನೇ ನೋಡುತ್ತಿದ್ದಳು. ಬಲಗೈಯಿಂದ ಹಿಂದಿನ ಹಿಡಿ ಹಿಡಿದು, ಫುಟ್‌ರೆಸ್ಟಿನ ಮೇಲೆ ಕಾಲಿಟ್ಟು, ಒಮ್ಮೆ ನಿಂತಳು. ಅವನ ಹಿಂದೆ ಕೂತಾಗ ಗಾಡಿ ಅವಳ ಭಾರಕ್ಕೆ ನಿಧಾನವಾಗಿ ತಗ್ಗಿತು.

'ಓಗು,' ಅಂದಳು.

ಹೋದೆ. ರೈಲ್ವೆ ಗೇಟಿನ ಹತ್ತಿರದ ಗುಂಡಿಗಳು, ಪೈಪು ಹಾಕಲು ಅಗೆದು ಮುಚ್ಚದೆ ಬಿಟ್ಟ ಕಾಲುವೆ, ಎಲ್ಲವೂ ಚಕ್ರದ ಕೆಳಗೆ ಬಂದವು, ಯಾವುದೂ ನಮ್ಮವರೆಗೆ ಬರಲಿಲ್ಲ. ನನ್ನ ಬೆನ್ನ ಮೇಲೆ ಬಿಸಿಯಾಗಿ ಏನೋ ಇಳಿಯುತ್ತಿತ್ತು. ಹಾಲಿನವನಿಗೆ ನಡುನಡುವೆ ಎಚ್ಚರ ಬರುತ್ತಿತ್ತು.

'ನಿಧಾನಕ್ ಓಡಿಸ್ಲಾ ಕಳ್ಳನನ್ಮಗನೆ... ನನ್ ಆಲು...'

'ಮಾತಾಡ್ತಿರಣ್ಣ, ಬೈತಿರು,' ಎನ್ನುತ್ತಿದ್ದಳು ಅಕ್ಕ. 'ಬಾಯ್ ಮುಚ್ಚಬ್ಯಾಡ. ಇವ್ನುನ್ನ ಇನ್ನೂ ನಾಕ್ ಬೈಯಿ.'

ಅವನು ಬೈದ. ನಮ್ಮ ವಂಶವನ್ನು, ನಮ್ಮ ಮಾವನನ್ನು, ಕುಂಬಳದ ಬಳ್ಳಿಯನ್ನು, ತೆಲುಗಿನಲ್ಲೂ ಕನ್ನಡದಲ್ಲೂ. ಒಂದಕ್ಕೂ ನಾನು ಪ್ರತಿವಾದ ಮಾಡಲಿಲ್ಲ. ಅವನನ್ನು ಸುತ್ತಿ ಬಂದ ಅಕ್ಕನ ಎಡಗೈ ನನ್ನ ಅಂಗಿಯನ್ನು ಹೊಟ್ಟೆಯ ಹತ್ತಿರ ಮುಷ್ಟಿಯಲ್ಲಿ ಹಿಡಿದಿತ್ತು. ಹೆಗಲಿಗಿಂತ ಮೇಲೆ ಏಳದ ಕೈ. ತಿರುವಿನಲ್ಲಿ ಗಾಡಿ ವಾಲಿದಾಗಲೆಲ್ಲ ಆ ಮುಷ್ಟಿ ಅಂಗಿಯ ಜೊತೆ ನನ್ನ ಚರ್ಮವನ್ನೂ ಹಿಂಡುತ್ತಿತ್ತು. ಆ ಗುರುತು ಹಲವು ದಿನ ಇತ್ತು.

ಆಸ್ಪತ್ರೆಯ ಬಾಗಿಲಲ್ಲಿ ಅವನನ್ನು ಪಕ್ಕಕ್ಕೆ ಇಳಿಸಿಕೊಂಡು ಒಳಗೆ ಎತ್ತಿಕೊಂಡು ಹೋದರು. ಬದುಕಿದ, ಕಾಲಿಗೆ ರಾಡು ಹಾಕಿದರು. ಈಗ ನಮ್ಮ ಮನೆಗೆ ಹಾಲು ಹಾಕುವವನು ಅವನೇ, ಮಾವನನ್ನು ಕಂಡರೆ ಈಗಲೂ ಉಗುಳುತ್ತಾನೆ. ಆದರೆ ಅದೆಲ್ಲ ಆಮೇಲಿನ ಮಾತು. ಆಗ ಹಿಂದಿನ ಸೀಟು ಖಾಲಿಯಾಗಬೇಕಿತ್ತು, ಆಗಲಿಲ್ಲ.

'ಇಳಿಯಕ್ಕ.'

'ಇರೋ.' ಅಂದಳು. 'ಕೈ ಬಿಡ್ಸಕ್ ಆಗ್ತಿಲ್ಲ.'

ನೋಡಿದೆ. ಬೆರಳುಗಳು ನನ್ನ ಅಂಗಿಯಲ್ಲಿ ಬೀಗ ಹಾಕಿಕೊಂಡಿದ್ದವು, ಗಿಣ್ಣುಗಳು ಬಿಳಚಿ, ಸಂದಿಯಲ್ಲಿ ರಕ್ತ ಒಣಗಿ. ಕಿರುಬೆರಳಿನಿಂದ ಶುರುಮಾಡಿ ಒಂದೊಂದನ್ನೇ ಬಿಡಿಸಿದೆ. ನೋವಿಗೆ ಅವಳು ನನ್ನ ಬೆನ್ನಿಗೆ ಹಣೆ ಗುದ್ದಿದಳು, ಒಮ್ಮೆ ಹಲ್ಲಿನಿಂದ ಕಚ್ಚಿದಳು ಕೂಡ. ಕೊನೆಯ ಬೆರಳೂ ಬಿಟ್ಟಿತು.

ಅವಳು ತಾನೇ ಇಳಿದಳು. ಕೈ ಕೊಡವಿಕೊಂಡಳು. ರಕ್ತ, ಹಾಲು, ಕುಂಬಳದ ಬೀಜ ಮೆತ್ತಿದ ಹೊಸ ಸೀಟನ್ನು ಈ ಸಲ ಪೂರ್ತಿ ನೋಡಿದಳು.

'ನಾಳೆ ನಂದು ಮೊದಲ್ನೇ ಪಾಳಿ,' ಅಂದಳು. 'ಸೀಟ್ ತೊಳ್ದಿಡು.'